ದಿನಾ ಓಡುವ ಹಳೇ ಕಾರಿಗೆ ಯಾವ ಟೈರು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಇದೆ. ಅಪ್ಪ ತಗೊಂಡಿದ್ದು. ಈಗ ನಾನು ಅದನ್ನೇ ಬೆಳಗಾವಿಯ ತಿಲಕವಾಡಿಯಿಂದ ಉದ್ಯಮಬಾಗಕ್ಕೆ ದಿನಾ ಕೆಲಸಕ್ಕೆ ಓಡಿಸುತ್ತೇನೆ. ತಿಂಗಳಿಗೊಮ್ಮೆ ವಿಜಯಪುರಕ್ಕೆ ಮಾವನ ಮನೆಗೆ ಹೋಗುತ್ತದೆ, ವರ್ಷಕ್ಕೆ ಎರಡು ಸಲ ಚೋರ್ಲಾ ಘಾಟ್ ಇಳಿದು ಗೋವಾಕ್ಕೂ ಹೋಗುತ್ತದೆ. ಪೆಟ್ರೋಲ್ ಪಂಪಿನಲ್ಲೋ ಮದುವೆ ಮನೆ ಮುಂದೆಯೋ ಹಳೇ ಗಾಡಿ ಇಟ್ಟುಕೊಂಡವರು ಸಿಕ್ಕರೆ ಐದು ನಿಮಿಷದಲ್ಲಿ ಮಾತು ಟೈರಿಗೆ ಬಂದೇ ಬರುತ್ತದೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಶೆಡ್ಡಿನಲ್ಲಿ ಹೊದಿಕೆ ಹೊದಿಸಿ ಇಟ್ಟ ಗಾಡಿಯ ವಿಷಯ ಬೇರೆ. ಇದು ರಸ್ತೆಗೆ ಇಳಿಯುವ ಗಾಡಿಯವರಿಗೆ.

ನನ್ನ ಗಾಡಿಗೆ ಕಂಪನಿಯವರು ಕೊಟ್ಟ ಸೈಜು ಯಾವುದು?

ಪದ್ಮಿನಿಗೆ 5.20-14. ಅಂಬಾಸಿಡರ್‌ಗೆ 5.90-15. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 5.20-13, ಬೀಟಲ್‌ಗೆ 5.60-15, ಹಳೇ ಮಹೀಂದ್ರಾ ಜೀಪಿಗೆ 6.00-16. ಈಗ ಗಾಡಿಯಲ್ಲಿ ಇರುವ ಟೈರ್ ನೋಡಿ ಅದೇ ಸೈಜು ಅಂತ ನಂಬಬೇಡಿ. ನಲವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿರುತ್ತದೆ, ಯಾರು ಏನು ಹಾಕಿರುತ್ತಾರೋ. ಟೈರ್ ಬಿಚ್ಚಿದಾಗ ಡಿಸ್ಕಿನ (ಟೈರ್ ಕೂರುವ ಕಬ್ಬಿಣದ ಚಕ್ರದ) ಮೇಲೆ ಒತ್ತಿರುವ ಅಂಕಿ ಓದಿ ಬರೆದಿಟ್ಟುಕೊಳ್ಳಿ.

5.20-14 ಅಂದರೆ ಏನು? ಈಗಿನ 165/80 ಆರ್14 ಜೊತೆ ಹೋಲಿಸುವುದು ಹೇಗೆ?

ಹಳೇ ಲೆಕ್ಕದಲ್ಲಿ ಮೊದಲಿನದು ಟೈರಿನ ಅಗಲ, ಇಂಚಿನಲ್ಲಿ. 5.20 ಇಂಚು ಅಂದರೆ ಸುಮಾರು 132 ಮಿಲಿಮೀಟರ್. ಎರಡನೆಯದು ಡಿಸ್ಕಿನ ವ್ಯಾಸ. ಟೈರಿನ ಎತ್ತರ ಬರೆದಿರುವುದಿಲ್ಲ, ಯಾಕೆಂದರೆ ಆಗಿನ ಟೈರುಗಳ ಎತ್ತರ ಅಗಲಕ್ಕೆ ಹತ್ತಿರ ಹತ್ತಿರ ಇರುತ್ತಿತ್ತು, ನೂರಕ್ಕೆ ತೊಂಬತ್ತೈದರಷ್ಟು.

ಹೊಸ ಲೆಕ್ಕದಲ್ಲಿ 165 ಅಂದರೆ ಮಿಲಿಮೀಟರ್ ಅಗಲ, 80 ಅಂದರೆ ಎತ್ತರ ಆ ಅಗಲದ ಶೇಕಡಾ 80, ಆರ್ ಅಂದರೆ ರೇಡಿಯಲ್ (ಈಗಿನ ಮಾದರಿಯ ಟೈರು, ಮುಂದೆ ಹೇಳುತ್ತೇನೆ), 14 ಮತ್ತೆ ಡಿಸ್ಕಿನ ಇಂಚು. ಒಂದು ಪೆನ್ನು ತಗೊಂಡು ನೀವೇ ಲೆಕ್ಕ ಹಾಕಬಹುದು. 165ರ ಶೇಕಡಾ 80 ಅಂದರೆ 132. ಮೇಲೊಂದು ಕೆಳಗೊಂದು, 264. ಹದಿನಾಲ್ಕು ಇಂಚಿನ ಡಿಸ್ಕು ಸುಮಾರು 356 ಮಿ.ಮೀ. ಒಟ್ಟು 620. ಇದೇ ಲೆಕ್ಕದಲ್ಲಿ 155/80 ಆರ್14 ಹಾಕಿದರೆ 604 ಬರುತ್ತದೆ. ಹಳೇ 5.20-14 ಟೈರ್ ಸುಮಾರು 605ರ ಆಸುಪಾಸು. ಈ ಒಂದು ಲೆಕ್ಕ ಬಂದರೆ ಸಾಕು, ಅಂಗಡಿಯವರು ಏನೇ ತಂದು ಮುಂದಿಟ್ಟರೂ ನಿಮಗೇ ಗೊತ್ತಾಗುತ್ತದೆ.

ಹಾಗಾದರೆ ಪದ್ಮಿನಿಗೆ ಯಾವುದು ಹಾಕಲಿ?

ವ್ಯಾಸ ನೋಡಿದರೆ 155/80 ಆರ್14 ಸರಿಯಾಗಿ ಹೊಂದುತ್ತದೆ. ಆದರೆ ಕೇಳಿದ ಕಡೆಯೆಲ್ಲ ಸಿಗುವುದು 165/80 ಆರ್14. ಸ್ವಿಫ್ಟ್, ಡಿಸೈರ್‌ನ ಕೆಳಗಿನ ಮಾಡೆಲ್‌ಗಳಿಗೆ ಅದೇ ಸೈಜು ಬಂದಿತ್ತು, ಹಾಗಾಗಿ ಸ್ಟಾಕ್ ಬೇಗ ಬೇಗ ತಿರುಗುತ್ತದೆ, ತಾಜಾ ಟೈರ್ ಸಿಗುತ್ತದೆ. ನನ್ನ ಗಾಡಿಯಲ್ಲಿ ಇರುವುದೂ ಅದೇ. ನಾಲ್ಕರಿಂದ ಐದೂವರೆ ಇಂಚು ಅಗಲದ ಡಿಸ್ಕಿನ ಮೇಲೆ ಅದು ಸರಿಯಾಗಿ ಕೂರುತ್ತದೆ. ಹಾಕಿಸಿದ ಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲಾದರೂ ಉಜ್ಜುತ್ತದಾ ನೋಡಿ, ಹಿಂದೆ ನಾಲ್ಕು ಜನ ಕೂರಿಸಿ ಮಡ್‌ಗಾರ್ಡಿಗೆ ತಾಗುತ್ತದಾ ಅಂತಲೂ ನೋಡಿ. ಸ್ಪೀಡೋಮೀಟರ್ ಸ್ವಲ್ಪ ಕಡಿಮೆ ತೋರಿಸುತ್ತದೆ. 60 ತೋರಿಸಿದಾಗ ನಿಜವಾಗಿ 61 ಚಿಲ್ಲರೆ ಹೋಗುತ್ತಿರುತ್ತೀರಿ, ಅದೇನೂ ದೊಡ್ಡ ವಿಷಯವಲ್ಲ.

ಭಾರದ ಅಂಕಿಯನ್ನೂ ಓದಿ. 85ಟಿ ಅಂತ ಇದ್ದರೆ ಒಂದು ಟೈರ್ 515 ಕಿಲೋ ತಾಳುತ್ತದೆ, 190 ಕಿ.ಮೀ. ವೇಗದವರೆಗೆ. ಪದ್ಮಿನಿಯ ತೂಕ ಸುಮಾರು 900 ಕಿಲೋ. ಜನ, ಸಾಮಾನು, ಮೇಲೊಂದು ಕ್ಯಾರಿಯರ್ ಸೇರಿಸಿದರೂ ಸಾಕಷ್ಟು ಉಳಿಯುತ್ತದೆ.

ಅಂಬಾಸಿಡರ್‌ಗೆ?

175/80 ಆರ್15 ವ್ಯಾಸಕ್ಕೆ ಹತ್ತಿರ, ಲೆಕ್ಕದಲ್ಲಿ 661 ಮಿ.ಮೀ. 165/80 ಆರ್15 ಸ್ವಲ್ಪ ಸಣ್ಣದು. ಅದನ್ನು ಹಾಕುವುದಾದರೆ ಭಾರದ ಅಂಕಿ ಎರಡು ಸಲ ನೋಡಿ, ಅಂಬಾಸಿಡರ್ ಪದ್ಮಿನಿಗಿಂತ ಭಾರ. ಊರಲ್ಲಿ ಕೂಡಲೇ ಸಿಗದಿದ್ದರೆ ಆರ್ಡರ್ ಕೊಟ್ಟು ಕಾಯಿರಿ. ದಯವಿಟ್ಟು, ಹದಿನೈದು ಇಂಚು ಅನ್ನುವ ಒಂದೇ ಕಾರಣಕ್ಕೆ ಬೊಲೆರೊದ 215/75 ಆರ್15 ಹಾಕಿಸಬೇಡಿ. ಅದರ ವ್ಯಾಸ 703. ನಾಲ್ಕು ಸೆಂಟಿಮೀಟರ್ ಜಾಸ್ತಿ, ಮೇಲಾಗಿ ಅಷ್ಟು ಅಗಲದ ಟೈರಿಗೆ ಅಂಬಾಸಿಡರ್‌ನ ಡಿಸ್ಕು ತೀರಾ ಕಿರಿದು.

ಅಗಲ ಟೈರ್ ಹಾಕಿದರೆ ಗಾಡಿ ಚೆನ್ನಾಗಿ ಕಾಣುತ್ತೆ ಅಲ್ವಾ?

ನಿಂತಾಗ ಕಾಣಬಹುದು. ಈ ಗಾಡಿಗಳಿಗೆ ಪವರ್ ಸ್ಟೇರಿಂಗ್ ಇಲ್ಲ. ಖಡೇಬಜಾರದ ಗದ್ದಲದಲ್ಲಿ ಒಂದು ಸಲ ಪಾರ್ಕಿಂಗ್ ಮಾಡಿ ನೋಡಿ, ಭುಜ ಹೇಳುತ್ತದೆ. ಆ ಭಾರವೆಲ್ಲ ಕಿಂಗ್ ಪಿನ್ (ಮುಂದಿನ ಚಕ್ರ ಆಚೀಚೆ ತಿರುಗುವ ಗೂಟ), ಬುಶ್, ವೀಲ್ ಬೇರಿಂಗ್ ಮೇಲೆ ಬೀಳುತ್ತದೆ. ಅವು ಕಿರಿದಾದ ಟೈರಿಗೆ ಅಂತ ಮಾಡಿದ ಪಾರ್ಟುಗಳು.

ನೈಲಾನ್ ಟೈರೇ ಇರಲಿ ಅಂತಾರೆ ಹಿರಿಯರು. ರೇಡಿಯಲ್ ಯಾಕೆ?

ನಮ್ಮ ಕಡೆ ನೈಲಾನ್ ಅನ್ನುವುದು ಅಡ್ಡಡ್ಡ ಪದರ ಹಾಕಿದ ಹಳೇ ಮಾದರಿಯ ಟೈರನ್ನು. ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾದುಹೋಗುತ್ತವೆ, ಪಕ್ಕದ ಗೋಡೆಯೂ ನೆಲಕ್ಕೆ ತಾಗುವ ಭಾಗವೂ ಒಂದೇ ಗಟ್ಟಿ. ಹಾಗಾಗಿ ಪಕ್ಕ ಬಾಗಿದಾಗ ಕೆಳಗಿನ ಭಾಗವೂ ಜೊತೆಗೇ ಹಿಂಡುತ್ತದೆ. ರೇಡಿಯಲ್‌ನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಹೋಗುತ್ತದೆ, ಮೇಲೆ ಉಕ್ಕಿನ ತಂತಿಯ ಪಟ್ಟಿ. ಪಕ್ಕ ಮೆತ್ತಗೆ, ಕೆಳಗೆ ಬಿಗಿ. ಮಿಶಲಿನ್ ಇದಕ್ಕೆ ಪೇಟೆಂಟ್ ತಗೊಂಡಿದ್ದು 1946ರಲ್ಲಿ. ನಮ್ಮ ದೇಶದಲ್ಲಿ ಜೆಕೆ ಟೈರ್ 1977ರಲ್ಲಿ ರೇಡಿಯಲ್ ಶುರು ಮಾಡಿತು.

ಹಿರಿಯರ ಮಾತಿನಲ್ಲಿ ಸತ್ಯ ಇದೆ. ನೈಲಾನ್‌ನ ಪಕ್ಕದ ಗೋಡೆ ಗಟ್ಟಿ, ಖಡಿ ಕಲ್ಲಿನ ದಾರಿಯಲ್ಲಿ ಹರಿಯುವುದು ಕಡಿಮೆ. ಗಾಡಿಯ ಹಳೇ ರೂಪಕ್ಕೂ ಅದೇ ಒಪ್ಪುತ್ತದೆ. ಹೊಲದ ಮನೆಗೆ ಮಾತ್ರ ಹೋಗಿ ಬರುವ ಜೀಪಿಗೆ ನಾನೂ ಅದನ್ನೇ ಹೇಳುತ್ತೇನೆ.

ಆದರೆ ಡಾಂಬರಿನ ಮೇಲೆ ದಿನಾ ಓಡುವ ಕಾರಿಗೆ ರೇಡಿಯಲ್ ಹಾಕಿ. ನಮ್ಮ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹಂಗಾಮು ಶುರುವಾದರೆ ರಸ್ತೆ ಏನಾಗುತ್ತದೆ ನಿಮಗೆ ಗೊತ್ತು. ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರ್ ಹಾದು ಹಾದು ಡಾಂಬರಿನಲ್ಲಿ ಎರಡು ಉದ್ದನೆಯ ತಗ್ಗು ಬೀಳುತ್ತದೆ. ನೈಲಾನ್ ಟೈರ್ ಆ ತಗ್ಗಿನ ಅಂಚು ಹಿಡಿದು ಗಾಡಿಯನ್ನು ಆಚೀಚೆ ಎಳೆಯುತ್ತದೆ, ನೀವು ಇಡೀ ದಾರಿ ಸ್ಟೇರಿಂಗ್ ಜೊತೆ ಗುದ್ದಾಡುತ್ತಾ ಹೋಗಬೇಕು. ಮೊದಲ ಸಲ ರೇಡಿಯಲ್ ಹಾಕಿಸಿ ಗೋಕಾಕಕ್ಕೆ ಹೋಗಿ ಬಂದಾಗ ಅಪ್ಪ ಅಂದ ಮಾತು ನನಗೆ ಈಗಲೂ ನೆನಪಿದೆ: "ಗಾಡಿ ಈಗ ಹೇಳಿದ್ದು ಕೇಳ್ತದ ನೋಡಪಾ." ಬ್ರೇಕ್ ಹಿಡಿತ ಜಾಸ್ತಿ, ಬಾಳಿಕೆ ಜಾಸ್ತಿ, ಬಿಸಿ ಆಗುವುದು ಕಡಿಮೆ. ನಿಂತಲ್ಲೇ ತಿರುಗಿಸುವಾಗ ಸ್ಟೇರಿಂಗ್ ಸ್ವಲ್ಪ ಭಾರ ಅನ್ನಿಸುತ್ತದೆ. ಗಾಡಿ ಸ್ವಲ್ಪ ಉರುಳಿಸಿಕೊಂಡು ತಿರುಗಿಸಿದರೆ ಆಯಿತು.

ಸದ್ಯಕ್ಕೆ ಮುಂದೆ ಎರಡು ರೇಡಿಯಲ್ ಹಾಕಿ, ಹಿಂದೆ ನೈಲಾನ್ ಬಿಡಬಹುದಾ?

ಬೇಡವೇ ಬೇಡ. ಇದು ಎಲ್ಲಕ್ಕಿಂತ ಅಪಾಯದ ಜೋಡಿ. ತಿರುವಿನಲ್ಲಿ ಮುಂದಿನ ರೇಡಿಯಲ್ ಗಟ್ಟಿ ಹಿಡಿದುಕೊಳ್ಳುತ್ತದೆ, ಹಿಂದಿನ ನೈಲಾನ್ ಅದಕ್ಕಿಂತ ಮೊದಲೇ ಜಾರುತ್ತದೆ, ಗಾಡಿಯ ಹಿಂಭಾಗ ಮುಂದಕ್ಕೆ ತಿರುಗಿ ಬರುತ್ತದೆ. ಮಳೆಯಲ್ಲಂತೂ ಸರಿಮಾಡಿಕೊಳ್ಳಲು ಸಮಯವೇ ಸಿಗುವುದಿಲ್ಲ. ಒಂದೇ ಆಕ್ಸಲ್ ಮೇಲೆ ಒಂದು ಇದು ಒಂದು ಅದು ಹಾಕುವುದೂ ಅಷ್ಟೇ ಕೆಟ್ಟದ್ದು. ಅನಿವಾರ್ಯ ಅಂತಾದರೆ ರೇಡಿಯಲ್ ಎರಡನ್ನೂ ಹಿಂದೆ ಹಾಕಿ. ಅದೂ ಮನೆ ಮುಟ್ಟುವ ತನಕ. ದುಡ್ಡು ಕೂಡಿಸಿ ನಾಲ್ಕನ್ನೂ ಒಟ್ಟಿಗೆ ತಗೊಳ್ಳಿ, ಎರಡು ತಿಂಗಳು ತಡವಾದರೂ ಪರವಾಗಿಲ್ಲ.

ಟ್ಯೂಬ್‌ಲೆಸ್ ಹಾಕಬಹುದಾ?

ಟೈರ್ ಟ್ಯೂಬ್‌ಲೆಸ್ ಆಗಿರಬಹುದು, ಡಿಸ್ಕು ಅದಕ್ಕೆ ತಕ್ಕದ್ದಲ್ಲ. ಈಗಿನ ಡಿಸ್ಕಿನ ಅಂಚಿನ ಒಳಗೆ ಸುತ್ತಲೂ ಒಂದು ಸಣ್ಣ ಉಬ್ಬು ಇರುತ್ತದೆ. ಹವಾ ಕಡಿಮೆಯಾದಾಗ ಟೈರಿನ ಅಂಚು ಜಾರದಂತೆ ಅದು ತಡೆಯುತ್ತದೆ. ನಮ್ಮ ಹಳೇ ಡಿಸ್ಕುಗಳಲ್ಲಿ ಆ ಉಬ್ಬು ಇಲ್ಲ. ರಿವೆಟ್ ಹೊಡೆದ ಕಡೆ, ಬೆಸುಗೆ ಹಾಕಿದ ಕಡೆ, ತುಕ್ಕು ತಿಂದ ಕಡೆ ಹವಾ ಸೋರುತ್ತದೆ. ಅದಕ್ಕೆ ಟ್ಯೂಬ್ ಹಾಕಿಯೇ ಓಡಿಸಿ.

ಟ್ಯೂಬ್ ಹಾಕುವಾಗ ಮೂರು ವಿಷಯ ಪಕ್ಕದಲ್ಲೇ ನಿಂತು ನೋಡಿ. ಟ್ಯೂಬಿನ ಮೇಲೆ ರೇಡಿಯಲ್‌ಗೆ ಅಂತ ಬರೆದಿರಬೇಕು, ಸೈಜೂ ಹೊಂದಬೇಕು. ಯಾಕೆಂದರೆ ರೇಡಿಯಲ್‌ನ ಪಕ್ಕ ಜಾಸ್ತಿ ಬಾಗುತ್ತದೆ, ಹಳೇ ಟ್ಯೂಬ್ ಒಳಗೇ ಮಡಿಚಿ ಉಜ್ಜಿ ಹರಿಯುತ್ತದೆ. ಟೈರಿನ ಒಳಗೆ ಅಂಟಿಸಿದ ಕಾಗದದ ಚೀಟಿ ಇದ್ದರೆ ಪೂರ್ತಿ ಕೆರೆದು ತೆಗೆಯಿರಿ, ಅದರ ಅಂಚೇ ಟ್ಯೂಬನ್ನು ತಿನ್ನುತ್ತದೆ. ಆಮೇಲೆ ಪೌಡರ್ ಹಾಕಿಸಿ. ಡಿಸ್ಕಿನ ತುಕ್ಕನ್ನು ತಂತಿ ಬ್ರಶ್‌ನಿಂದ ತಿಕ್ಕಿ ಬಣ್ಣ ಹೊಡೆಸಿ ಒಣಗಿಸಿದ ಮೇಲೇ ಟೈರ್ ಏರಿಸಿ. ಇದಕ್ಕೆ ಒಂದು ದಿನ ಹೆಚ್ಚು ಹೋದರೆ ಹೋಗಲಿ.

ಹೊಸ ಟೈರ್ ಅಂತ ಕೊಡ್ತಾರೆ. ನಿಜವಾಗಿ ಹೊಸದಾ ಅಂತ ತಿಳಿಯೋದು ಹೇಗೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಪಕ್ಕದ ಗೋಡೆಯ ಮೇಲೆ ಉದ್ದುದ್ದ ಗೂಡಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 1224 ಅಂದರೆ 2024ರ 12ನೇ ವಾರ, ಅಂದರೆ ಮಾರ್ಚ್. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲು ತಯಾರಾದ ಟೈರ್, ಮುಟ್ಟಲೇಬೇಡಿ. ಕೆಲವು ಟೈರಿನಲ್ಲಿ ಈ ಅಂಕಿ ಒಂದೇ ಪಕ್ಕದಲ್ಲಿ ಇರುತ್ತದೆ. ಅದು ಒಳಗಿನ ಪಕ್ಕಕ್ಕೆ ಹೋದರೆ ಗಾಡಿಗೆ ಹಾಕಿದ ಮೇಲೆ ಕಾಣುವುದಿಲ್ಲ.

ನಾನು ಇದನ್ನು ಕಲಿತದ್ದು 2021ರ ಏಪ್ರಿಲ್‌ನಲ್ಲಿ. ಪದ್ಮಿನಿಯ ಸೈಜಿನ ಎರಡು ನೈಲಾನ್ ಟೈರ್ ಒಂದು ಅಂಗಡಿಯಲ್ಲಿ ಸಿಕ್ಕಿತು, ಕಪ್ಪಗೆ ಮಿಂಚುತ್ತಿತ್ತು, ರಬ್ಬರಿನ ಮೇಲಿನ ಸಣ್ಣ ಕೂದಲೂ ಹಾಗೇ ಇತ್ತು. ಖುಷಿಯಿಂದ ಹಾಕಿಸಿಕೊಂಡೆ. ಹದಿನೈದು ದಿನಕ್ಕೆ ವಿಜಯಪುರಕ್ಕೆ ಹೊರಟೆವು, ಅವ್ವ, ಹೆಂಡತಿ, ಮಗಳು ಎಲ್ಲ ಇದ್ದರು. ಯರಗಟ್ಟಿ ದಾಟಿ ಲೋಕಾಪುರದ ಕಡೆ ಹೋಗುವಾಗ ಮಧ್ಯಾಹ್ನ ಎರಡು ಗಂಟೆ, ಡಾಂಬರು ಮೆತ್ತಗಾಗುವಂಥ ಬಿಸಿಲು. ಹಿಂದಿನಿಂದ ಟಪ್ ಟಪ್ ಅಂತ ಸದ್ದು ಬಂತು. ನಿಧಾನ ಮಾಡುವಷ್ಟರಲ್ಲಿ ಎಡಗಡೆ ಹಿಂದಿನ ಟೈರಿನ ಮೇಲ್ಪದರ ಕಿತ್ತು ಮಡ್‌ಗಾರ್ಡಿಗೆ ಬಡಿಯಿತು. ಗಾಡಿ ಎಳೆಯಿತು, ಎದುರಿಗೆ ಯಾರೂ ಇರಲಿಲ್ಲ, ನಿಂತಿತು. ಅವ್ವ ಬೇವಿನ ಮರದ ಕೆಳಗೆ ಕೂತು ಅರ್ಧ ತಾಸು ಮಾತಾಡಲಿಲ್ಲ. ಸ್ಟೆಪ್ನಿ ಹಾಕುವಾಗ ಒಳಪಕ್ಕದ ಧೂಳು ಒರೆಸಿ ನೋಡಿದೆ: 3413. 2013ರ ಆಗಸ್ಟ್. ಏಳೂವರೆ ವರ್ಷ ಯಾವುದೋ ಗೋದಾಮಿನಲ್ಲಿ ಕೂತು ಒಣಗಿದ ಟೈರನ್ನು ನಾನು ಹೊಸದು ಅಂತ ತಂದಿದ್ದೆ.

ಹಳೇ ಸೈಜುಗಳಲ್ಲಿ ಇದೇ ತೊಂದರೆ. ಕೇಳುವವರು ಕಡಿಮೆ, ಹಾಗಾಗಿ ಸ್ಟಾಕ್ ಅಲ್ಲೇ ಮುದಿಯಾಗುತ್ತದೆ. ಅಂಗಡಿಯಲ್ಲಿ ಟೈರ್ ಕೈಗೆ ಬಂದ ಕೂಡಲೇ ಅಂಕಿ ಓದಿ, ಆಮೇಲೆ ರೇಟ್ ಮಾತಾಡಿ. ನಾನು ಒಂದು ವರ್ಷ ದಾಟಿದ್ದನ್ನು ತಗೊಳ್ಳುವುದಿಲ್ಲ. ಐಎಸ್‌ಐ ಗುರುತೂ ಇರಬೇಕು. ಹಾಕಿಸುವಾಗ ಅಂಕಿ ಇರುವ ಪಕ್ಕವನ್ನು ಹೊರಗೆ ಬರುವಂತೆ ಹಾಕಿ ಅಂತ ಹೇಳಿ. ಒಂದೇ ದಿಕ್ಕಿಗೆ ಬಾಣದ ಗುರುತು ಇಲ್ಲದ ಟೈರಾದರೆ, ಒಳಗೆ ಹೊರಗೆ ಅಂತ ಬರೆದಿರದಿದ್ದರೆ, ಹಾಗೆ ಹಾಕಲು ಏನೂ ಅಡ್ಡಿಯಿಲ್ಲ.

ಗ್ರಿಪ್ ಇನ್ನೂ ಚೆನ್ನಾಗಿದೆ, ಆದರೂ ಬದಲಾಯಿಸಬೇಕಾ?

ವಯಸ್ಸಾಗಿದ್ದರೆ ಹೌದು. ರಬ್ಬರಿನಲ್ಲಿ ಮೇಣದಂಥ ಒಂದು ಪದಾರ್ಥ ಬೆರೆಸಿರುತ್ತಾರೆ. ಟೈರ್ ಉರುಳಿ ಬಾಗಿದಾಗ ಅದು ಮೇಲ್ಮೈಗೆ ಬಂದು ಗಾಳಿಯಲ್ಲಿನ ಓಝೋನ್ ತಾಗದಂತೆ ಕಾಪಾಡುತ್ತದೆ. ನಿಂತೇ ಇರುವ ಟೈರಿನಲ್ಲಿ ಅದು ಮೇಲೆ ಬರುವುದಿಲ್ಲ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗುತ್ತದೆ. ಓಡದೇ ಇರುವ ಟೈರೇ ಬೇಗ ಹಾಳಾಗುವುದು ಇದಕ್ಕೇ. ಐದು ವರ್ಷ ಆದ ಮೇಲೆ ಪ್ರತಿ ವರ್ಷ ಬಿಚ್ಚಿ ತೋರಿಸಿ, ಹತ್ತು ವರ್ಷದ ಮೇಲೆ ಹೇಗೇ ಇದ್ದರೂ ತೆಗೆಯಿರಿ ಅಂತ ಮಿಶಲಿನ್‌ನವರು ಹೇಳುತ್ತಾರೆ. ನಮ್ಮ ಬಿಸಿಲಿಗೆ ಹತ್ತು ವರ್ಷ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ನಾನು ಆರಕ್ಕೆ ಬದಲಾಯಿಸುತ್ತೇನೆ.

ಹವಾ ಎಷ್ಟು ಹಾಕಿಸಲಿ?

ನೈಲಾನ್ ಇದ್ದರೆ ಗಾಡಿಯ ಪುಸ್ತಕದಲ್ಲಿ ಬರೆದಷ್ಟು. ರೇಡಿಯಲ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ನಾನು ಪದ್ಮಿನಿಗೆ 28 ಪೌಂಡ್ ಹಾಕುತ್ತೇನೆ, ಗಾಡಿ ತುಂಬಿದರೆ ಹಿಂದೆ 30. ರೇಡಿಯಲ್ ನೋಡಲು ಯಾವಾಗಲೂ ಸ್ವಲ್ಪ ಚಪ್ಪಟೆ ಕಾಣುತ್ತದೆ, ಕಣ್ಣಂದಾಜು ನಡೆಯುವುದಿಲ್ಲ. ಒಂದು ಗೇಜ್ ತಗೊಂಡು ಗಾಡಿಯಲ್ಲೇ ಇಡಿ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು.

ವಿಜಯಪುರ, ಬಾಗಲಕೋಟೆ ಕಡೆಯ ಬೇಸಿಗೆಯಲ್ಲಿ ಹವಾ ಕಡಿಮೆ ಮಾಡಬೇಕು ಅಂತಾರಲ್ಲ?

ತಪ್ಪು. ಏಪ್ರಿಲ್, ಮೇನಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ಓಡಿದ ಟೈರಿನಲ್ಲಿ ಹವಾ ನಾಲ್ಕೈದು ಪೌಂಡ್ ಏರುವುದು ಸಹಜ. ಟೈರ್ ಮಾಡುವವರು ಅದನ್ನು ಲೆಕ್ಕ ಹಿಡಿದೇ ಮಾಡಿರುತ್ತಾರೆ. ಬಿಸಿ ಟೈರಿನ ಹವಾ ಬಿಟ್ಟರೆ ಪಕ್ಕ ಇನ್ನೂ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿ ಏರುತ್ತದೆ, ಕೊನೆಗೆ ಒಡೆಯುವುದು ಹವಾ ಕಡಿಮೆ ಇರುವ ಟೈರೇ. ಬೇಕಾದರೆ ದಾರಿಯಲ್ಲಿ ಒಂದು ಚಹಾಕ್ಕೆ ನಿಲ್ಲಿಸಿ, ಗಾಡಿಗೂ ಒಳ್ಳೆಯದು.

ಮಳೆಗಾಲದಲ್ಲಿ ಚೋರ್ಲಾ ಘಾಟಿಗೆ ಎಷ್ಟು ಗ್ರಿಪ್ ಇರಬೇಕು?

ಟೈರಿನ ಮೇಲಿನ ಕಾಲುವೆಯ ಆಳ ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು. ಕಾಲುವೆಯ ತಳದಲ್ಲಿ ಸಣ್ಣ ಅಡ್ಡ ದಿಬ್ಬ ಇರುತ್ತದೆ, ರಬ್ಬರು ಅದರ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಆದರೆ ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೋದರೆ ಜುಲೈನಲ್ಲಿ ಮಳೆ ಹೇಗೆ ಸುರಿಯುತ್ತದೆ ಅಂತ ನೋಡಿದವರಿಗೇ ಗೊತ್ತು. ಮಲಪ್ರಭೆ ಹುಟ್ಟುವ ಜಾಗ ಅದು. ರಸ್ತೆ ಮೇಲೆ ನೀರು ಹರಿಯುತ್ತಿರುತ್ತದೆ, ನಮ್ಮದು ಡ್ರಮ್ ಬ್ರೇಕಿನ ಗಾಡಿ, ನೀರು ಹೊಕ್ಕರೆ ಹಿಡಿತ ಅರ್ಧಕ್ಕೆ ಬರುತ್ತದೆ. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಆ ದಾರಿಗೆ ಹೋಗುವುದಿಲ್ಲ.

ರಿಮೋಲ್ಡ್ ಅಥವಾ ಸೆಕೆಂಡ್ ಹ್ಯಾಂಡ್ ಟೈರ್?

ರಿಮೋಲ್ಡ್ ಅಂದರೆ ಸವೆದ ಟೈರಿಗೆ ಹೊಸ ರಬ್ಬರು ಕೂರಿಸಿದ್ದು. ಲಾರಿಗೆ ಅದು ಸರಿ. ನಿಮ್ಮ ಮಕ್ಕಳು ಕೂರುವ ಕಾರಿಗೆ ಎರಡೂ ಬೇಡ.

ಹೊಸ ಟೈರ್ ಹಾಕಿ ಅಲೈನ್‌ಮೆಂಟ್ ಮಾಡಿಸಿದೆ, ಆದರೂ ಒಂದೇ ಬದಿ ಸವೆಯುತ್ತದೆ.

ಟೈರಿನ ತಪ್ಪಲ್ಲ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಕಿಂಗ್ ಪಿನ್ ಅಥವಾ ಬೇರಿಂಗ್ ಸವೆದಿದೆ. ಅದು ಸರಿಯಾಗದೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಮೂರು ದಿನಕ್ಕೆ ಮತ್ತೆ ಅಷ್ಟೇ. ಗ್ರೀಸ್ ನಿಪ್ಪಲ್‌ಗಳಿಗೆ ಕಾಲಕಾಲಕ್ಕೆ ಗ್ರೀಸ್ ಹೊಡೆಸುವವರಿಗೆ ಈ ತೊಂದರೆ ತಡವಾಗಿ ಬರುತ್ತದೆ. ಬುಶ್ ಸಿಗದಿದ್ದರೆ ಹೆದರಬೇಡಿ, ನಾವಿರುವುದು ಬೆಳಗಾವಿಯಲ್ಲಿ. ಉದ್ಯಮಬಾಗದಲ್ಲಿ ಅಳತೆ ಕೊಟ್ಟರೆ ಲೇಥ್ ಮೇಲೆ ಮಾಡಿಕೊಡುವ ಕೈಗಳಿವೆ, ಅದೂ ಚೊಕ್ಕವಾಗಿ. ಡಿಸ್ಕು ಬಾಗಿದ್ದರೆ ಅದನ್ನೂ ತಿರುಗಿಸಿ ನೋಡಿ ಹೇಳುತ್ತಾರೆ.

ವಿದೇಶದ ಬಿಳಿ ಪಟ್ಟಿಯ ಕ್ಲಾಸಿಕ್ ಟೈರ್ ತರಿಸಬಹುದಾ?

2020ರ ಜೂನ್‌ನಿಂದ ಕಾರ್ ಟೈರಿನ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ, ಲೈಸೆನ್ಸ್ ಬೇಕು. ದಿನಾ ಓಡಿಸುವವರು ಅದರ ಹಿಂದೆ ಬೀಳುವುದು ಬೇಡ. ಒಂದು ಟೈರ್ ಹರಿದರೆ ಇನ್ನೊಂದು ಎಲ್ಲಿಂದ ತರುತ್ತೀರಿ?

ಗಾಡಿಗೆ 50 ವರ್ಷ ಆಯಿತು. ವಿಂಟೇಜ್ ಅಂತ ನೋಂದಣಿ ಮಾಡಿಸಿದರೆ ಒಳ್ಳೆಯದಾ?

ಟೈರ್ ಕೇಳುವವರೆಲ್ಲ ಇದನ್ನೂ ಕೇಳುತ್ತಾರೆ. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಆ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಅಂಥದ್ದಕ್ಕೆ ಮಾತ್ರ. ಕೆಲಸಕ್ಕೆ ಓಡಿಸುವವರು ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗಿ.

ಸ್ಟೆಪ್ನಿಗೆ ಹಳೇ ಟೈರ್ ಸಾಕಾ?

ಸಾಲದು. ಬೇರೆ ನಾಲ್ಕು ರೇಡಿಯಲ್ ಆಗಿ ಸ್ಟೆಪ್ನಿ ನೈಲಾನ್ ಇದ್ದರೆ, ಪಂಕ್ಚರ್ ಆದ ದಿನ ನೀವು ಮೇಲೆ ಹೇಳಿದ ಅಪಾಯದ ಜೋಡಿಯನ್ನೇ ಹಾಕಿಕೊಂಡು ಓಡಿಸುತ್ತೀರಿ. ಐದು ಟೈರ್ ತಗೊಳ್ಳಿ. ಐದನ್ನೂ ಸುತ್ತಿಸಿ ಬದಲಾಯಿಸುತ್ತಾ ಬಂದರೆ ಡಿಕ್ಕಿಯಲ್ಲಿ ಯಾವುದೂ ಕೂತು ಮುದಿಯಾಗುವುದಿಲ್ಲ.

ಎರಡು ತಿಂಗಳು ಊರಿಗೆ ಹೋಗುತ್ತೇನೆ, ಗಾಡಿ ನಿಂತಿರುತ್ತದೆ. ಏನು ಮಾಡಲಿ?

ಹವಾ ನಾಲ್ಕೈದು ಪೌಂಡ್ ಜಾಸ್ತಿ ಹಾಕಿ ನಿಲ್ಲಿಸಿ, ಕೆಳಭಾಗ ಚಪ್ಪಟೆಯಾಗುವುದು ಕಡಿಮೆಯಾಗುತ್ತದೆ. ಟೈರಿನ ಮೇಲೆ ಬಿಸಿಲು ಬೀಳದ ಹಾಗೆ ಗೋಣಿಚೀಲ ಇಳಿಬಿಡಿ. ಕೀಲಿಯನ್ನು ತಮ್ಮನಿಗೋ ಪಕ್ಕದ ಮನೆಯ ಕಾಕಾನಿಗೋ ಕೊಟ್ಟು, ವಾರಕ್ಕೊಮ್ಮೆ ಗಾಡಿ ತೆಗೆದು ಕಾಕತಿ ತನಕ ಹೋಗಿ ಬರಲು ಹೇಳಿ. ಬಂದ ಮೇಲೆ ಹವಾ ಸರಿ ಮಾಡಿಕೊಂಡೇ ಹೊರಡಿ.